ಗುಂಡಿ ಡಬ್ಬಿಯೊಳಗಿನ ದಾಳ

ನನ್ನ ಉದ್ಯೋಗ ತೂಕ-ಅಳತೆ ಇಲಾಖೆಯಲ್ಲಿ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೇ, ತೂಕದ ಕಲ್ಲು ಸವೆದಿದೆಯೇ ಎಂದು ನೋಡುವುದು, ಸರಿಯಿದ್ದರೆ ಮೊಹರು ಹಾಕುವುದು, ಇಲ್ಲದಿದ್ದರೆ ಕಲ್ಲನ್ನೇ ಜಪ್ತಿ ಮಾಡಿ ತರುವುದು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ ಮನುಷ್ಯನಿಗೆ ಎರಡು ರೋಗ ಅಂಟುತ್ತವೆ. ಕೋಪ ಸದಾ ಮೂಗಿನ ತುದಿಯಲ್ಲಿರುತ್ತದೆ, ಎದುರಿಗೆ ನಿಂತವರೆಲ್ಲ ಕಳ್ಳರ ಹಾಗೆ ಕಾಣುತ್ತಾರೆ. ಭಾನುವಾರದ ಗುಂಪಿನಲ್ಲಿ ನನ್ನನ್ನು ‘ತಕ್ಕಡಿ’ ಎಂದೇ ಕರೆಯುತ್ತಾರೆ. ಅದರಲ್ಲಿ ಪ್ರೀತಿ ಎಷ್ಟು, ಲೇವಡಿ ಎಷ್ಟು ಎಂದು ನಾನು ತೂಗಲು ಹೋಗಿಲ್ಲ. ಇಂಥ ನಾನು ಯಾರಿಗಾದರೂ ಬೆರಗಾಗಿ ತಲೆ ಬಾಗಿಸಿದ್ದರೆ ಅದು ಒಬ್ಬರಿಗೇ, ನಮ್ಮ ಟೈಲರ್ ಅಕ್ಕನಿಗೆ.

ಅಕ್ಕನ ಅಂಗಡಿ ಹಾರ್ಡ್‌ವೇರ್ ಅಂಗಡಿಯ ಮೇಲಿದೆ. ಹದಿನೇಳು ಮೆಟ್ಟಿಲು ಹತ್ತಬೇಕು. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ, ಗೋಡೆಯ ಮೊಳೆಗಳಿಗೆ ನೇತುಹಾಕಿದ ಕಂದು ಕಾಗದದ ನಮೂನೆಗಳು, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಮೇಜು ಅವರ ಸೋದರತ್ತೆಯದು, ಕೆಲಸ ಕಲಿಸಿದವರೂ ಆ ಅತ್ತೆಯೇ. ಹತ್ತನೇ ತರಗತಿ ಮುಗಿಸಿ ಆ ಮೇಜಿನ ಮುಂದೆ ನಿಂತ ಅಕ್ಕ ಮೂವತ್ತೈದು ವರ್ಷದಿಂದ ಅಲ್ಲೇ ನಿಂತಿದ್ದಾರೆ. ಶರ್ಟು, ಪ್ಯಾಂಟು, ಶಾಲೆಯ ಯೂನಿಫಾರ್ಮು, ಬಿಚ್ಚಿದ ಝಿಪ್ಪು, ಯಾವುದಕ್ಕೂ ಇಲ್ಲ ಎಂದವರಲ್ಲ. ಮಾತು ಕಡಿಮೆ. ಬಾಯಲ್ಲಿ ಸದಾ ಎರಡು ಗುಂಡುಸೂಜಿ ಕಚ್ಚಿಕೊಂಡಿರುವವರಿಂದ ಮಾತು ಹೆಚ್ಚು ಹೇಗೆ ಬಂದೀತು?

ಭಾನುವಾರ ಮಾತ್ರ ಆ ಸೂಜಿಗಳು ಬಾಯಿಂದ ಹೊರಬರುತ್ತವೆ. ಮಧ್ಯಾಹ್ನ ಎರಡಕ್ಕೆ ಮೇಜಿನ ಮೇಲಿನ ಬಟ್ಟೆಯನ್ನೆಲ್ಲ ಎತ್ತಿಟ್ಟು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅಕ್ಕ ಮೇಜಿನ ಮೇಲೆ ಬೆಟ್ಟ, ಹೊಳೆ, ಕೋಟೆ ಬಾಗಿಲು ಬರೆಯುತ್ತಾರೆ. ನಾವು ನಾಲ್ವರು ಸುತ್ತ ಕೂರುತ್ತೇವೆ. ಒಬ್ಬೊಬ್ಬರಿಗೂ ಆ ಕಥೆಯಲ್ಲಿ ಒಂದೊಂದು ಪಾತ್ರ, ಪಾತ್ರಕ್ಕೊಂದು ಗುಂಡಿ. ಬೆಟ್ಟ ಹತ್ತುತ್ತೀರಾ, ಸುತ್ತಿಕೊಂಡು ಹೋಗುತ್ತೀರಾ ಎಂದು ಅಕ್ಕ ಕೇಳುತ್ತಾರೆ. ನಾವು ಹೇಳುತ್ತೇವೆ, ಇಪ್ಪತ್ತು ಮುಖದ ದಾಳ ಉರುಳಿಸುತ್ತೇವೆ. ಹತ್ತಿದೆವೋ ಜಾರಿದೆವೋ ಎಂದು ತೀರ್ಮಾನಿಸುವುದು ಆ ದಾಳ ಮತ್ತು ನಿಯಮದ ಪುಸ್ತಕ. ಸಂಜೆ ಆರಕ್ಕೆ ಬ್ರಷ್ ತಗೊಂಡು ಒಂದು ರಾಜ್ಯವನ್ನೇ ಗುಡಿಸಿಹಾಕಿ ಅಕ್ಕ ಬಾಗಿಲು ಹಾಕುತ್ತಾರೆ. ಮಕ್ಕಳಾಟ ಎಂದು ನನ್ನ ಹೆಂಡತಿ ನಗುತ್ತಾಳೆ. ಮಕ್ಕಳಾಟವೇ, ಅದಕ್ಕೇನೀಗ?

ಆ ಪುಸ್ತಕ ಅಕ್ಕನಿಗೆ ಸಿಕ್ಕಿದ್ದೂ ಒಂದು ಕಥೆ. ಯಾರೋ ಗಿರಾಕಿ ಝಿಪ್ಪು ಹಾಕಿಸಲು ಒಂದು ಚೀಲ ಕೊಟ್ಟುಹೋದ. ಒಳಗೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಆತ ಮರಳಿ ಬರಲೇ ಇಲ್ಲ. ಎಂಟು ತಿಂಗಳು ಕಾದು, ಒಂದು ದಿನ ಅಕ್ಕ ಪುಸ್ತಕ ತೆರೆದು ಓದತೊಡಗಿದರು. ಹೊಸ ಝಿಪ್ಪು ಹಾಕಿದ ಚೀಲ, ಚೀಟಿ ಸಮೇತ, ಇವತ್ತಿಗೂ ಬಾಗಿಲ ಹಿಂದೆ ತೂಗುತ್ತಿದೆ. “ಪುಸ್ತಕ ಎರವಲು ತಗೊಂಡಿದೀನಿ ಅಷ್ಟೇ. ಬಂದ್ರೆ ಕೊಟ್ಬಿಡ್ತೀನಿ,” ಎನ್ನುತ್ತಾರೆ. ಹದಿಮೂರು ವರ್ಷದ ಎರವಲು.

ಮೊದಲ ಆಟಗಾರ ಡ್ರೈವರಣ್ಣ. ಊರಿನ ಬಸ್ಸು ಓಡಿಸುತ್ತಿದ್ದವರು, ಖಾಕಿ ಪ್ಯಾಂಟಿನ ಸೊಂಟ ಸಡಿಲಿಸಲು ಬಂದು ಅದೇನು ಓದುತ್ತಿದ್ದೀಯ ತಾಯಿ ಎಂದು ಕೇಳಿ ಸಿಕ್ಕಿಬಿದ್ದರು. ಅವರು ಆರಿಸಿಕೊಂಡ ಪಾತ್ರ ದಾರಿಗಾರ, ಅಂದರೆ ಕಾಡುಮೇಡಿನಲ್ಲಿ ಉಳಿದವರಿಗೆ ದಾರಿ ತೋರಿಸುವವನು. ಅವರ ಗುಂಡಿ ಓವರ್‌ಕೋಟಿನದು, ಕಂದು ಬಣ್ಣ, ನಾಲ್ಕು ತೂತು. ಆಮೇಲೆ ಹಲ್ಲಿನ ಡಾಕ್ಟರು ಬಂದರು, ಬೇಕರಿಯವನು ಬಂದ, ನಾನು ಬಂದೆ.

ಡ್ರೈವರಣ್ಣನ ಬಗ್ಗೆ ಒಂದು ವಿಷಯ ಹೇಳಲೇಬೇಕು. ನಿವೃತ್ತಿಗೆ ಇನ್ನೂ ಏಳು ತಿಂಗಳಿದ್ದಾಗ, ಹತ್ತೊಂಬತ್ತು ವರ್ಷ ಓಡಿಸಿದ ತಮ್ಮದೇ ರೂಟಿನಲ್ಲಿ ಅವರು ಒಂದು ತಿರುವು ತಪ್ಪಿದರು. ಅಷ್ಟೇ. ಯಾರಿಗೂ ಏನೂ ಆಗಲಿಲ್ಲ, ಒಂದು ಫರ್ಲಾಂಗು ಹಿಂದೆ ಬಂದರು. ಆ ಸಂಜೆಯೇ ಡಿಪೋಗೆ ಹೋಗಿ ಬ್ಯಾಡ್ಜು ಬಿಚ್ಚಿ ಮೇಜಿನ ಮೇಲಿಟ್ಟು, “ದಾರಿ ತಪ್ಪಿದೋನು ಸ್ಟೇರಿಂಗ್ ಹಿಡೀಬಾರ್ದು,” ಎಂದು ಮನೆಗೆ ನಡೆದರು. ಆಮೇಲೆ ಕ್ಲಬ್ಬಿನ ಇಸ್ಪೀಟು ಬಿಟ್ಟರು, ಒಂದು ದಿನ ಎಲೆ ಮರೆತು ಜೊತೆಯವರು ಹೇಳಿಕೊಟ್ಟರೆಂದು. ಪೇಟೆಗೆ ಹೋಗುವುದು ಬಿಟ್ಟರು, ಮಗಳು ಕೈಗೆ ಚೀಟಿ ಬರೆದುಕೊಟ್ಟಳೆಂದು. ಸಹಾಯ ಎಂಬ ವಾಸನೆ ಬಡಿದ ಕಡೆಯಿಂದ ಆ ಮನುಷ್ಯ ಎದ್ದುಬಿಡುತ್ತಿದ್ದರು. ಕೊನೆಗೆ ಉಳಿದದ್ದು ಭಾನುವಾರದ ಈ ಮೇಜು ಒಂದೇ.

ಇನ್ನು ಪುಸ್ತಕಗಳ ಜಗಳ. ನಮ್ಮದು ದಪ್ಪ ಪುಸ್ತಕವಾದರೆ, ಇನ್ನೊಂದು ಕಂಪನಿಯದು ಕೆಂಪು ಪುಸ್ತಕ. ಎರಡರಲ್ಲೂ ಕತ್ತಿ, ಮಂತ್ರ, ರಾಕ್ಷಸರೇ ಇರುವುದು. ಆದರೂ ದಪ್ಪದವರು ಕೆಂಪಿನವರ ಮನೆಯಲ್ಲಿ ನೀರೂ ಕುಡಿಯುವುದಿಲ್ಲ. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಆಡುತ್ತಿದ್ದ ಗುಂಪೊಂದು ಒಂದೇ ವರ್ಷದಲ್ಲಿ ಮೂರು ಸಲ ಪುಸ್ತಕ ಬದಲಿಸಿ ಚೂರುಚೂರಾಯಿತು. ನಮ್ಮಲ್ಲಿ ಹೊಸ ಪುಸ್ತಕದ ಹುಚ್ಚು ಹಲ್ಲಿನ ಡಾಕ್ಟರಿಗೆ. ದಪ್ಪ ಪುಸ್ತಕದಲ್ಲಿ ಒಂದು ಹೊಡೆದಾಟ ಮುಗಿಯಲು ಎರಡು ಗಂಟೆ ಬೇಕು, ಕೆಂಪಿನಲ್ಲಿ ಇಪ್ಪತ್ತು ನಿಮಿಷ ಸಾಕು ಎಂದು ಅವರು ವಾರವಾರವೂ ಕೊರೆದರು. ಹಲ್ಲು ಕೊರೆಯುವವರ ತಾಳ್ಮೆಯ ಮುಂದೆ ನಾವೆಲ್ಲಿ ನಿಲ್ಲುವುದು? ಕೈ ಎತ್ತಿದೆವು. ಡ್ರೈವರಣ್ಣನೂ ಎತ್ತಿದರು.

ದೊಡ್ಡ ವ್ಯತ್ಯಾಸ ಒಂದೇ. ದಪ್ಪ ಪುಸ್ತಕದಲ್ಲಿ ದಾಳ ಹೆಚ್ಚು ಬಿದ್ದಷ್ಟೂ ಒಳ್ಳೆಯದು. ಕೆಂಪಿನಲ್ಲಿ ಕಡಿಮೆ ಬಿದ್ದಷ್ಟೂ ಒಳ್ಳೆಯದು. ನಾವು ಒಂದು ವಾರದಲ್ಲಿ ಹೊಂದಿಕೊಂಡೆವು. ಡ್ರೈವರಣ್ಣ ಹೊಂದಿಕೊಳ್ಳಲಿಲ್ಲ. ಹದಿನೆಂಟು ಬಿದ್ದರೆ ಮುಖ ಅರಳುತ್ತಿತ್ತು. “ಅಣ್ಣ, ಈಗ ಕಮ್ಮಿ ಬೀಳ್ಬೇಕು,” ಎಂದು ಡಾಕ್ಟರು ನೆನಪಿಸುತ್ತಿದ್ದರು. ಹತ್ತು ನಿಮಿಷ ಕಳೆದ ಮೇಲೆ ಮತ್ತೆ ಅದೇ. ನಾಲ್ಕನೆಯ ಭಾನುವಾರ ಡ್ರೈವರಣ್ಣ ತಮ್ಮ ಗುಂಡಿ ಎತ್ತಿ ಅಕ್ಕನ ಕೈಗಿಟ್ಟು, “ಮಂಡಿ ನೋವು ತಾಯಿ. ಈ ಮೆಟ್ಟಿಲು ಇನ್ನು ನನ್ ಕೈಲಿ ಆಗಲ್ಲ,” ಎಂದರು. ಮಂಡಿ ನೋವಲ್ಲ ಎಂದು ನಮಗೆಲ್ಲ ಗೊತ್ತು.

ಅಕ್ಕ ಆ ದಿನ ಯೂನಿಫಾರ್ಮ್ ಕೆಲಸ ತಲೆಮೇಲೆ ಬಂದಿದೆ, ಒಂದು ತಿಂಗಳು ಆಟ ಇಲ್ಲ ಎಂದರು. ತಿಂಗಳು ಕಳೆದು ನಾವು ಮೆಟ್ಟಿಲು ಹತ್ತಿದಾಗ ಡ್ರೈವರಣ್ಣ ಆಗಲೇ ಅಕ್ಕನ ಬಲಪಕ್ಕದಲ್ಲಿ ಕೂತಿದ್ದರು, ಮುಂದೆ ಕಂದು ಗುಂಡಿ. ಅಕ್ಕನೇ ಮನೆಗೆ ಹೋಗಿ ಕರೆತಂದಿದ್ದರಂತೆ. ಮೇಜಿನ ಮೇಲೆ ಒಂದು ಹೊಸ ಸಾಮಾನು ಇತ್ತು, ಎತ್ತರದ ಅಂಚಿನ ದುಂಡು ತಗಡಿನ ಡಬ್ಬಿ. ಹಿಂದೆ ಗುಂಡಿ ತುಂಬಿಡುತ್ತಿದ್ದದ್ದು. “ದಾಳ ಉರುಳಿ ಉರುಳಿ ಚೂರು ಬಟ್ಟೆ ಮೂಟೆಗೆ ಬೀಳತ್ತೆ, ಹುಡುಕಿ ಹುಡುಕಿ ಸಾಕಾಯ್ತು. ಇನ್ಮೇಲೆ ಇದರೊಳಗೆ ಹಾಕಿ. ಆಯ್ತೋ ಇಲ್ವೋ ನಾನು ಹೇಳ್ತೀನಿ,” ಎಂದರು. ಡಬ್ಬಿ ಅವರ ಬಲಗೈ ಹತ್ತಿರ. ನಾವು ಎದುರಿನಿಂದ ಕೈ ಚಾಚಿ ಹಾಕಬೇಕು, ಒಳಗೆ ಏನು ಬಿತ್ತೆಂದು ನಮಗೆ ಕಾಣುವುದಿಲ್ಲ. ಡ್ರೈವರಣ್ಣನಿಗೆ ಮಾತ್ರ ದೊಡ್ಡ ಅಂಕಿಯ ದಾಳ. ತಮ್ಮದನ್ನು ಎತ್ತಿ ಕಣ್ಣಿಗೆ ಹಿಡಿದು ನೋಡುತ್ತಿದ್ದರು. ನಮ್ಮ ಸಣ್ಣ ದಾಳಗಳು ಅವರ ಕಣ್ಣಿಗೆ ನಿಲುಕುತ್ತಿರಲಿಲ್ಲ.

ಆಮೇಲೆ ಅವರಿಗೆ ಒಂದು ದಿನವೂ ಗೊಂದಲವಾಗಲಿಲ್ಲ. ಪಾಪ, ಕಷ್ಟಪಟ್ಟು ಕಲಿತುಬಿಟ್ಟರು ಎಂದುಕೊಂಡೆವು. ಹೀಗೆ ಎರಡು ವರ್ಷ.

ಎರಡು ವರ್ಷದ ಮೇಲೆ ಒಂದು ಭಾನುವಾರ ನನ್ನ ಕುರ್ಚಿಯ ಕಾಲು ಮುರಿಯಿತು. ಸ್ಟೂಲು ಎಳೆದುಕೊಂಡು ಡ್ರೈವರಣ್ಣನ ಹಿಂದೆ ಕೂತೆ. ಕಥೆಯಲ್ಲಿ ನಾವು ಕಂದಕದ ಮೇಲಿನ ಹಗ್ಗದ ಸೇತುವೆ ದಾಟಬೇಕಿತ್ತು. ಡ್ರೈವರಣ್ಣ ದಾಳ ಹಾಕಿ ಎತ್ತಿ ನೋಡಿದರು. ಅವರ ಹೆಗಲ ಮೇಲಿಂದ ನನಗೂ ಕಂಡಿತು, ಹದಿನೇಳು. ಕೆಂಪು ಪುಸ್ತಕದಲ್ಲಿ ಹದಿನೇಳು ಬಿದ್ದವನು ಕಂದಕದ ತಳದಲ್ಲಿರಬೇಕು. “ಆಯ್ತು ಅಣ್ಣ, ದಾಟಿದ್ರಿ,” ಎಂದರು ಅಕ್ಕ. ನನ್ನ ಸರದಿ. ಬಗ್ಗಿ ನೋಡಿದೆ, ಹದಿನೈದು. “ಆಗ್ಲಿಲ್ಲ ತಕ್ಕಡಿಯವ್ರೇ. ಹಗ್ಗ ಕೈ ತಪ್ತು.” ಒಂಬತ್ತು ವರ್ಷ ಸಾಕಿದ ನನ್ನ ಯೋಧ ಕಂದಕಕ್ಕೆ ಬಿದ್ದು ಸತ್ತ.

ನನಗೆ ಮೈಯೆಲ್ಲ ಉರಿಯಿತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ! ಆದರೆ ಆ ದಿನ ಬಾಯಿ ಬಿಡಲಿಲ್ಲ. ನಮ್ಮ ಇಲಾಖೆಯಲ್ಲಿ ಒಂದು ಪದ್ಧತಿಯಿದೆ. ಮೋಸದ ಕಲ್ಲು ಕಂಡ ತಕ್ಷಣ ಕೂಗಾಡಬಾರದು, ಗಿರಾಕಿಯ ಹಾಗೆ ನಾಲ್ಕು ಸಲ ಕೊಂಡು ತೂಗಿ ಬರೆದಿಟ್ಟುಕೊಳ್ಳಬೇಕು. ಬೆನ್ನು ನೋವು, ಗೋಡೆಗೆ ಒರಗಬೇಕು ಎಂದು ಸುಳ್ಳು ಹೇಳಿ, ಹೊಸ ಪಾತ್ರ ಹಿಡಿದು, ಅದೇ ಸ್ಟೂಲಿನಲ್ಲಿ ಆರು ಭಾನುವಾರ ಕೂತೆ. ಡ್ರೈವರಣ್ಣನ ದಾಳ ಎಷ್ಟು ಬಿತ್ತು, ಅಕ್ಕ ಏನೆಂದರು, ಎಲ್ಲವನ್ನೂ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದೆ. ಅಂಥ ಮೂವತ್ತೆಂಟು ದಾಳ. ಅದರಲ್ಲಿ ಬೀಳಬೇಕಾದ ಕಡೆ ಪಾರಾದ ಹದಿನಾರರ ಕೆಳಗೆ ಕೆಂಪು ಗೆರೆ ಎಳೆದೆ. ಕೇಸು ಗಟ್ಟಿ ಎನ್ನಿಸಿತು.

ಏಳನೆಯ ಭಾನುವಾರ ಎಲ್ಲರೂ ಕೂತ ಮೇಲೆ ಎದ್ದು ನಿಂತೆ. “ಅಕ್ಕ, ಈ ಮೇಜಿನ ಮೇಲೆ ಎರಡು ತೂಕ ನಡೀತಾ ಇದೆ. ನನ್ ಹತ್ರ ಪಟ್ಟಿ ಇದೆ,” ಎಂದೆ.

ಅಕ್ಕನ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು. ಅವರು ನನ್ನ ಮುಖ ನೋಡಲಿಲ್ಲ, ಡ್ರೈವರಣ್ಣನ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, “ಪಟ್ಟಿ ಪೂರ್ತಿ ಓದಿದೀರಾ?”

“ಬರೆದವನೇ ನಾನು,” ಎಂದೆ.

“ಬರೆಯೋದು ಬೇರೆ. ಓದಿ.”

“ಏನು ಪಟ್ಟಿ?” ಎಂದರು ಡ್ರೈವರಣ್ಣ. “ನನ್ ದಾಳದ್ದಾ? ಓದಪ್ಪ, ಕೇಳೋಣ.”

ಗಂಟಲು ಸರಿಮಾಡಿಕೊಂಡು ಓದತೊಡಗಿದೆ. ಹದಿನೇಳು, ಆಯ್ತು. ಹತ್ತೊಂಬತ್ತು, ಆಯ್ತು. ಮೂರು, ಆಗಲಿಲ್ಲ. ಹದಿನೆಂಟು, ಆಯ್ತು. ಐದು, ಆಗಲಿಲ್ಲ. ಎರಡು, ಆಗಲಿಲ್ಲ, ಎಡಗೈಗೆ ಪೆಟ್ಟು. ಅಲ್ಲಿಗೆ ಬರುವಷ್ಟರಲ್ಲಿ ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಮೂರು ಬಿದ್ದರೆ ಕೆಂಪು ಪುಸ್ತಕದಲ್ಲಿ ಆಗಲೇಬೇಕು. ಎರಡು ಬಿದ್ದವನಿಗೆ ಪೆಟ್ಟು ಯಾಕೆ? ಪಕ್ಷಪಾತ ಮಾಡುವವರು ಅಣ್ಣನಿಗೆ ಬಿದ್ದ ಒಳ್ಳೆಯ ದಾಳವನ್ನು ಕೆಡಿಸುತ್ತಾರೆಯೇ? ಹೆಚ್ಚು ತೂಗಿದ ಕಡೆಗಷ್ಟೇ ಗೆರೆ ಎಳೆದಿದ್ದೆ. ಕಡಿಮೆ ತೂಗಿದ್ದು ನನ್ನ ಕೈಬರಹದಲ್ಲೇ ಇತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಪ್ಪತ್ತೆರಡು ವರ್ಷದ ಸರ್ವಿಸು!

ನಿಧಾನವಾಗಿ ಓದುತ್ತಾ ಹೋದೆ. ಮೂವತ್ತೆಂಟು ದಾಳ, ಒಂದೊಂದೂ ದಪ್ಪ ಪುಸ್ತಕದ ಪ್ರಕಾರ ಕೂದಲೆಳೆಯಷ್ಟೂ ತಪ್ಪಿಲ್ಲದೆ ತೀರ್ಪಾಗಿತ್ತು. ನಾವು ಮೂವರು ಎರಡು ವರ್ಷದಿಂದ ಕೆಂಪು ಪುಸ್ತಕ ಆಡುತ್ತಿದ್ದೆವು. ಅದೇ ಮೇಜಿನಲ್ಲಿ, ಅದೇ ಕಥೆಯಲ್ಲಿ, ಅದೇ ರಾಕ್ಷಸನ ಎದುರು ಡ್ರೈವರಣ್ಣ ದಪ್ಪ ಪುಸ್ತಕ ಆಡುತ್ತಿದ್ದರು. ಅದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

“ಎಲ್ಲಾ ಸರಿಯಾಗೇ ಇದೆಯಲ್ಲಪ್ಪ,” ಎಂದರು ಡ್ರೈವರಣ್ಣ. “ಹದಿನೆಂಟು ಬಿದ್ರೆ ಆಗ್ಬೇಕು. ಮೂರು ಬಿದ್ರೆ ಎಲ್ಲಿಂದ ಆಗತ್ತೆ? ಇದರಲ್ಲಿ ಎರಡು ತೂಕ ಎಲ್ಲಿ ಬಂತು?”

ಹಲ್ಲಿನ ಡಾಕ್ಟರು ಬಾಯಿ ತೆರೆದರು. ಬೇಕರಿಯವನು ದಡ್ಡನಲ್ಲ. ತಾನು ತಂದಿದ್ದ ಬನ್ನನ್ನು ಆ ಬಾಯಿಗೆ ತುರುಕಿ, “ತಗೊಳ್ಳಿ ಡಾಕ್ಟ್ರೇ, ಬಿಸಿ ಇದೆ,” ಎಂದ. ಡಾಕ್ಟರು ಅಗಿಯುತ್ತಾ ಅಗಿಯುತ್ತಾ ಅರ್ಥ ಮಾಡಿಕೊಂಡರು.

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಒಂದು ಮಾತು ಹೆಚ್ಚು ಆಡಿದರೆ ಡ್ರೈವರಣ್ಣ ಗುಂಡಿ ಎತ್ತಿಟ್ಟು ಎದ್ದುಹೋಗುತ್ತಾರೆ, ಇನ್ನು ಅವರಿಗೆ ಹೋಗಲು ಬೇರೆ ಮೇಜು ಉಳಿದಿಲ್ಲ. ನೋಟ್‌ಬುಕ್ ಮುಚ್ಚಿದೆ. “ನನ್ನದೇ ತಪ್ಪು ಅಣ್ಣ. ಪರೀಕ್ಷೆ ಮಾಡ್ದೆ. ತೂಕ ಸರಿ ಇದೆ. ಮೊಹರು ಹಾಕಿದೀನಿ,” ಎಂದೆ.

“ನಿನ್ನ ಇಲಾಖೆ ಬುದ್ಧಿ ಇಲ್ಲೂ ತರ್ಬೇಡ,” ಎಂದು ಡ್ರೈವರಣ್ಣ ನಕ್ಕು ದಾಳ ಕೈಗೆತ್ತಿಕೊಂಡರು. ಅಕ್ಕ ಬೆಟ್ಟದ ಉಳಿದರ್ಧ ಬರೆದು ಮುಗಿಸಿದರು.

ಮರುದಿನ ಊಟದ ಬಿಡುವಿನಲ್ಲಿ ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ. ಅಕ್ಕ ಸೂಜಿ ಕಚ್ಚಿಕೊಂಡೇ ತಲೆಯಾಡಿಸಿ, ಗೋಡೆಯ ಕಡೆ ಬೆರಳು ತೋರಿಸಿದರು. ಕಂದು ಕಾಗದದ ನಮೂನೆಗಳು. ತಿರುಗಿಸಿ ನೋಡಿದೆ. ಮುಂದುಗಡೆ ಕಾಲರು, ತೋಳು, ಸೊಂಟ. ಹಿಂದುಗಡೆ ಕಥೆಯಲ್ಲಿ ಇದುವರೆಗೆ ಬಂದ ಪ್ರತಿಯೊಬ್ಬ ಕಾವಲುಗಾರ, ಪ್ರತಿಯೊಂದು ಹಾವು, ಪ್ರತಿಯೊಂದು ಬಾಗಿಲು. ಪ್ರತಿಯೊಂದಕ್ಕೂ ಎರಡು ಸಾಲು ಅಳತೆ, ಎಡಕ್ಕೆ ದಪ್ಪ ಪುಸ್ತಕದ್ದು, ಬಲಕ್ಕೆ ಕೆಂಪು ಪುಸ್ತಕದ್ದು. ಡಾಕ್ಟರು ಹೊಡೆದ ಪೆಟ್ಟಿಗೆ ರಾಕ್ಷಸನ ಶಕ್ತಿಯನ್ನು ಬಲಸಾಲಿನಲ್ಲಿ ಕಳೆದರೆ ಎಡದಲ್ಲೂ ಅದಕ್ಕೆ ತಕ್ಕಷ್ಟು ಕಳೆದಿತ್ತು. ಕೆಂಪು ಪುಸ್ತಕದಲ್ಲಿ ದಾರಿಗಾರ ಎಂಬ ಪಾತ್ರವೇ ಇಲ್ಲ, ಆದರೂ ಅಕ್ಕ ಅದನ್ನು ಕೈಬಿಟ್ಟಿರಲಿಲ್ಲ. ಎರಡು ವರ್ಷ, ಸುಮಾರು ತೊಂಬತ್ತು ಭಾನುವಾರ. ಆಟದ ಹೊತ್ತಿಗೆ ಈ ಕಾಗದ ಮೇಜಿನ ಮೇಲೆ ಇರುತ್ತಲೂ ಇರಲಿಲ್ಲ. ಎಲ್ಲ ತಲೆಯಲ್ಲೇ. ತಲೆಯಲ್ಲಿ ಎರಡು ಲೆಕ್ಕ, ಬಾಯಲ್ಲಿ ಒಂದೇ ಕಥೆ. ನಾನು ಆ ಕಾಗದ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

“ನಮಗ್ಯಾಕೆ ಹೇಳ್ಲಿಲ್ಲ ಅಕ್ಕ?” ಎಂದೆ.

ಅವರು ಸೂಜಿ ತೆಗೆದು ಹೊಲಿಯುತ್ತಿದ್ದ ಕಾಲರಿಗೆ ಚುಚ್ಚಿದರು. “ಹೇಳಿದ್ರೆ ನೀವೆಲ್ಲ ಅವರಿಗೆ ಸಹಾಯ ಮಾಡೋಕ್ ಶುರು ಮಾಡ್ತಿದ್ರಿ. ಅವರು ಇಲ್ಲಿಗೆ ಬರೋದು ಆಟ ಆಡೋಕೆ. ನಾನೇನು ಅವರನ್ನ ಗೆಲ್ಲಿಸಿಲ್ಲ ನೋಡಿ. ಕಥೇಲಿ ಎಡಗೈ ಮುರ್ಕೊಂಡು ಕೂತಿದಾರೆ.” ಇಷ್ಟು ಹೇಳಿ ಮತ್ತೆ ಯಂತ್ರ ತುಳಿಯತೊಡಗಿದರು.

ಆ ವಾರ ನಾನು ಮನೆಯಲ್ಲಿ ಎರಡೂ ಪುಸ್ತಕ ಹರಡಿಕೊಂಡು ಒಬ್ಬನೇ ಪ್ರಯತ್ನಿಸಿದೆ. ಕಾಲು ಗಂಟೆಯಲ್ಲಿ ತಲೆ ಗಿರ್ರೆಂದಿತು. ಯಾವ ಪರೀಕ್ಷೆಗೆ ಓದ್ತಾ ಇದೀರಿ ಎಂದು ಹೆಂಡತಿ ಕೇಳಿದಳು. ಉತ್ತರ ಕೊಡಲು ಹೋಗಿ ರಾಕ್ಷಸನ ಲೆಕ್ಕ ತಪ್ಪಿತು.

ಈ ವರ್ಷ ಅಕ್ಕನ ಕಣ್ಣಿಗೆ ಪೊರೆ ಆಪರೇಷನ್ ಆಯಿತು. ಡ್ರೈವರಣ್ಣನೂ ಇಳಿದುಹೋಗಿದ್ದಾರೆ. ಮೆಟ್ಟಿಲ ಬುಡದಲ್ಲಿ ನಿಂತು ಇದು ಯಾರ ಅಂಗಡಿ ಎಂದು ಮಗಳನ್ನು ಕೇಳುತ್ತಾರೆ, ಆ ಮಗಳನ್ನು ತಂಗಿಯ ಹೆಸರಿನಿಂದ ಕರೆಯುತ್ತಾರೆ. ಮೇಲೆ ಬಂದು ಕಂದು ಗುಂಡಿ ಕಂಡರೆ ಮಾತ್ರ ಬೆನ್ನು ನೆಟ್ಟಗಾಗುತ್ತದೆ. ಆಪರೇಷನ್ ಆದ ವಾರ ಅಕ್ಕ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮೂಲೆಯ ಸ್ಟೂಲಿನಲ್ಲಿ ಕೂತು, “ಈ ಸಲ ನೀವು ನಡೆಸಿ ತಕ್ಕಡಿಯವ್ರೇ,” ಎಂದರು. ಮೊದಲೇ ಹೇಳಿಕಳಿಸಿದ್ದರಿಂದ ಮೂರು ರಾತ್ರಿ ಓದಿಕೊಂಡು ಬಂದಿದ್ದೆ. ಕಾಗದ ಮಡಿಲಲ್ಲೇ ಇತ್ತು. ಡಬ್ಬಿ ನನ್ನ ಬಲಕ್ಕೆ, ಡ್ರೈವರಣ್ಣ ಅದರ ಪಕ್ಕ.

ಒಂದು ಗಂಟೆ ಹೇಗೋ ನಡೆಯಿತು. ಬೆನ್ನಲ್ಲಿ ಬೆವರು. ಹೊಳೆ ಬಂತು, ದೋಣಿ ಮಗುಚುವುದರಲ್ಲಿತ್ತು. ಡಾಕ್ಟರ ದಾಳ ನೋಡಿ ತೀರ್ಪು ಹೇಳಿದೆ, ಬೇಕರಿಯವನದು ಹೇಳಿದೆ. ಡ್ರೈವರಣ್ಣ ಹಾಕಿದರು. ಕೆಂಪು ಪುಸ್ತಕದ ಅದೇ ಓಟದಲ್ಲಿ ನನ್ನ ಬಾಯಿಂದ ಬಂದುಬಿಟ್ಟಿತು, “ಆಗ್ಲಿಲ್ಲ ಅಣ್ಣ.”

ಡ್ರೈವರಣ್ಣ ದಾಳ ಎತ್ತಿ ಕಣ್ಣಿಗೆ ಹಿಡಿದು ನೋಡಿದರು. ಆಮೇಲೆ ಅದನ್ನು ನನ್ನ ಕಣ್ಣ ಮುಂದೆ ಹಿಡಿದರು.

“ಹದಿನಾರು,” ಎಂದರು. “ಹನ್ನೆರಡು ದಾಟಿದ್ರೆ ದೋಣಿ ನಿಲ್ಲತ್ತೆ. ಆಯ್ತು ಅನ್ಬೇಕು.”

ಮಗಳ ಹೆಸರು ಮರೆತ ಮನುಷ್ಯ. ಬೇಕರಿಯವನು ತಲೆ ತಗ್ಗಿಸಿದ. ಹೊಸ ಪುಸ್ತಕವೇ ಉಸಿರು ಎನ್ನುತ್ತಿದ್ದ ಡಾಕ್ಟರು ಎದುರಿಗಿದ್ದ ಕೆಂಪು ಪುಸ್ತಕವನ್ನು ಸದ್ದಿಲ್ಲದೆ ಮುಚ್ಚಿದರು. ತೊಂಬತ್ತಕ್ಕೂ ಹೆಚ್ಚು ಭಾನುವಾರ ಅಕ್ಕ ಒಮ್ಮೆಯೂ ಮಾಡದ ತಪ್ಪನ್ನು ನಾನು ಒಂದೇ ಗಂಟೆಯಲ್ಲಿ ಮಾಡಿದ್ದೆ.

“ಹೌದು ಅಣ್ಣ. ನನ್ನದೇ ತಪ್ಪು. ಆಯ್ತು, ದೋಣಿ ನಿಲ್ತು,” ಎಂದೆ.

ಡ್ರೈವರಣ್ಣ ನನ್ನ ಮಂಡಿಯ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿದರು. “ಬೇಜಾರ್ ಮಾಡ್ಕೋಬೇಡ. ಹೊಸಬ ನೀನು. ರೂಟ್ ಕಲಿಯೋಕೆ ಟೈಮ್ ಹಿಡಿಯತ್ತೆ,” ಎಂದು ಹೇಳಿ, ಕಂದು ಗುಂಡಿಯನ್ನು ಹೊಳೆಯ ಆಚೆ ದಡಕ್ಕೆ ತಾವೇ ಸರಿಸಿದರು.